ಫ್ರೇಮ್ ಕಿತ್ತರೆ ಟ್ಯಾಂಕ್ ರಿಮ್‌ಲೆಸ್ ಆಗುತ್ತದಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ಹಂಚಿನ ಮನೆ. ಜಗಲಿಯಲ್ಲಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಇದೆ. 5 ಮಿ.ಮೀ. ಗಾಜು, ಮೇಲೆ ಕೆಳಗೆ ಕಪ್ಪು ಪ್ಲಾಸ್ಟಿಕ್ ಫ್ರೇಮ್. ಫ್ರೇಮ್ ಇಲ್ಲದ ರಿಮ್‌ಲೆಸ್ ಟ್ಯಾಂಕ್ ನೋಡಿದ ಮೇಲೆ ಇದು ಕಣ್ಣಿಗೆ ಹಿಡಿಸುತ್ತಿಲ್ಲ. ಬ್ಲೇಡ್ ಹಾಕಿ ಇದರ ಫ್ರೇಮನ್ನೇ ಕಿತ್ತರೆ ಆಗುತ್ತದಾ? ಇಲ್ಲದಿದ್ದರೆ ಶಿವಮೊಗ್ಗದಲ್ಲಿ ರಿಮ್‌ಲೆಸ್ ಸಿಗುತ್ತದಾ, ಅಥವಾ ಮನೆಯಲ್ಲೇ ಮಾಡಿಕೊಳ್ಳಬಹುದಾ? ಅಂದ ಹಾಗೆ ಮನೆಯಲ್ಲಿ ಬೆಕ್ಕೂ ಇದೆ.

ಉತ್ತರ: ಕೀಳಬೇಡಿ. ಬ್ಲೇಡ್ ಈಗಾಗಲೇ ಕೈಯಲ್ಲಿದ್ದರೆ ಮೊದಲು ಒಳಗಿಟ್ಟು ಬನ್ನಿ, ಆಮೇಲೆ ಮಾತಾಡೋಣ.

ಆ ಕಪ್ಪು ಫ್ರೇಮ್ ಬರೀ ಅಲಂಕಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಗಾಜಿನ ಬಾಯಿಗೆ ಹಾಕಿದ ಪಟ್ಟಿ. ನಿಮ್ಮ ಟ್ಯಾಂಕಿನಲ್ಲಿ 42 ಸೆಂ.ಮೀ. ನೀರಿದ್ದರೆ, ಆ ನೀರು ಎದುರಿನ ಗಾಜನ್ನು ಸುಮಾರು 80 ಕೆಜಿ ಭಾರದಷ್ಟು ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. 25 ಕೆಜಿಯ ಮೂರು ಅಕ್ಕಿ ಚೀಲ ಹಗಲೂ ರಾತ್ರಿ ಗಾಜಿಗೆ ಒರಗಿ ಕೂತ ಹಾಗೆ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಟ್ಯಾಂಕ್ ಒಂದಡಿ ಅಗಲ ಇರಲಿ, ಎರಡಡಿ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ನೀರಿನ ಎತ್ತರ ಮತ್ತು ಗಾಜಿನ ಉದ್ದ ಮಾತ್ರ ಮುಖ್ಯ. ಅದರಲ್ಲೂ ಎತ್ತರ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ.

ಹೀಗೆ ನೂಕಿಸಿಕೊಂಡ ಗಾಜು ಬಾಗುತ್ತದೆ. ಕೆಳಗೆ ತಳದ ಗಾಜು ಹಿಡಿದಿದೆ, ಎರಡು ಪಕ್ಕದಲ್ಲಿ ಪಕ್ಕದ ಗಾಜುಗಳು ಹಿಡಿದಿವೆ. ಮೇಲಂಚನ್ನು ಹಿಡಿಯೋದು ಫ್ರೇಮ್ ಒಂದೇ. ಅದನ್ನು ಕಿತ್ತರೆ ಮೂರಡಿ ಉದ್ದದ 5 ಮಿ.ಮೀ. ಗಾಜು ನಡುವೆ ಹೊಟ್ಟೆ ಬಿಡುತ್ತದೆ. ಅವತ್ತೇ ಒಡೆಯುತ್ತದೆ ಅಂತಲ್ಲ. ಹೊಟ್ಟೆ ಬಿಟ್ಟ ಗಾಜು ಮೂಲೆಯ ಅಂಟನ್ನು ದಿನಾ ಸ್ವಲ್ಪ ಸ್ವಲ್ಪ ಎಳೆಯುತ್ತಾ ಹೋಗುತ್ತದೆ. ಅದು ಬಿಡುವುದು ಯಾವಾಗ ಅಂದರೆ, ನೀವು ಮದುವೆ ಮನೆಗೆ ಹೋದ ದಿನ.

ಕೆಳಗಿನ ಫ್ರೇಮಿನದು ಬೇರೆ ಕತೆ. ಇಂಥ ಎಷ್ಟೋ ಟ್ಯಾಂಕಿನಲ್ಲಿ ತಳದ ಗಾಜು ಮೇಜಿಗೆ ತಾಗುವುದೇ ಇಲ್ಲ, ಫ್ರೇಮಿನ ಒಳಗೆ ಸ್ವಲ್ಪ ಮೇಲೆ ಕೂತಿರುತ್ತದೆ. ಭಾರವನ್ನೆಲ್ಲ ಹೊರುವುದು ಫ್ರೇಮಿನ ನಾಲ್ಕು ಅಂಚು. ಅದನ್ನೂ ಕಿತ್ತರೆ ಟ್ಯಾಂಕ್ ನಿಲ್ಲುವ ರೀತಿಯೇ ಬದಲಾಗಿ ಹೋಗುತ್ತದೆ.

ಹಾಗಾದರೆ ಫ್ರೇಮಿಲ್ಲದ ಟ್ಯಾಂಕ್ ಹೇಗೆ ನಿಲ್ಲುತ್ತದೆ? ದಪ್ಪ ಗಾಜಿನ ಮೇಲೆ. ಗಾಜಿನ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 5 ಮಿ.ಮೀ.ನಿಂದ 8ಕ್ಕೆ ಹೋದರೆ ಬಾಗುವುದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, 10ಕ್ಕೆ ಹೋದರೆ ಎಂಟನೇ ಒಂದಕ್ಕೆ. ನಿಮ್ಮ ಅಳತೆಯ ಮೂರಡಿ ಟ್ಯಾಂಕ್ ರಿಮ್‌ಲೆಸ್ ಆಗಬೇಕಾದರೆ 10 ಮಿ.ಮೀ.ಗಿಂತ ಕಡಿಮೆ ಗಾಜು ಬೇಡ. ಎರಡಡಿಗೆ 6 ಮಿ.ಮೀ. ಹಾಕುವ ಒಳ್ಳೆಯ ಕಂಪನಿಗಳೂ ಇವೆ. ಆದರೆ ಅವರ ಅಂಚು, ಅವರ ಅಂಟು ಕಾರ್ಖಾನೆಯದ್ದು. ನಮ್ಮ ಕೈಕೆಲಸಕ್ಕೆ 8 ಇರಲಿ ಅನ್ನೋದು ನನ್ನ ಮಾತು.

ಈ ಹುಚ್ಚು ಹಿಡಿಸಿದವರು ಜಪಾನಿನ ನಿಗಾತದ ತಕಾಶಿ ಅಮಾನೊ. 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಅಂತ ಕಂಪನಿ ಕಟ್ಟಿದವರು, 2015ರಲ್ಲಿ ತೀರಿಕೊಂಡರು. ಫೋಟೋಗ್ರಾಫರ್ ಆಗಿದ್ದವರಿಗೆ ಚಿತ್ರದ ನಡುವೆ ಕಪ್ಪು ಪಟ್ಟಿ ಬರುವುದು ಹೇಗೆ ಸಹಿಸುತ್ತದೆ ಹೇಳಿ. ನನಗೆ ಮಾತ್ರ ರಿಮ್‌ಲೆಸ್ ಇಷ್ಟವಾಗಲು ಕಾರಣ ಬೇರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿ ಬೆಳೆದವರು ನಾವು. ಮೀನನ್ನು ಮೊದಲು ಕಂಡದ್ದೇ ಮೇಲಿನಿಂದ. ಬಾಯಿ ತೆರೆದ ಟ್ಯಾಂಕಿನಲ್ಲಿ ಆ ನೋಟ ಮತ್ತೆ ಸಿಗುತ್ತದೆ. ಕುರ್ಚಿಯಲ್ಲಿ ಕೂತು ನೋಡುವುದಕ್ಕಿಂತ ಎದ್ದು ನಿಂತು ಬಗ್ಗಿ ನೋಡುವುದೇ ನನಗೆ ಜಾಸ್ತಿ ಆಗಿದೆ.

ಇನ್ನು ಸಿಗುತ್ತದಾ ಅನ್ನುವ ವಿಷಯ. ಅಂಗಡಿಗಳಲ್ಲಿ ತಯಾರಾಗಿ ಸಿಗುವ ಫ್ರೇಮಿಲ್ಲದ ಟ್ಯಾಂಕ್ ಅಂದರೆ ಹೆಚ್ಚಾಗಿ ಎದುರಿನ ಮೂಲೆ ದುಂಡಗೆ ಬಗ್ಗಿಸಿದ ಒಂದೇ ಗಾಜಿನವು. ಒಂದಡಿ, ಒಂದೂವರೆ ಅಡಿಯವು. ಮೇಜಿನ ಮೇಲಿಡಲು ಅವು ಕೆಟ್ಟದ್ದೇನಲ್ಲ, ಅಗ್ಗವೂ ಹೌದು. ದುಂಡು ಮೂಲೆಯಲ್ಲಿ ಮೀನು ಉದ್ದವಾಗಿ, ಸೊಟ್ಟಗೆ ಕಾಣುತ್ತದೆ, ಅಷ್ಟೇ. ಮಕ್ಕಳಿಗೆ ಅದೇ ಮೋಜು. ದೊಡ್ಡದು ಬೇಕಾದರೆ ಅಂಗಡಿಯವರಿಗೆ ಅಳತೆ ಕೊಟ್ಟು ಮಾಡಿಸಬೇಕು, ಇಲ್ಲವೇ ಬೆಂಗಳೂರಿನಿಂದ ತರಿಸಬೇಕು. ಕಟ್ಟಿದ ಟ್ಯಾಂಕ್ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ಬಂದು, ಅಲ್ಲಿಂದ ಗಾಜನೂರು, ಮಂಡಗದ್ದೆ ದಾಟಿ ತಿರುವು ತಿರುವಿನಲ್ಲಿ ಇನ್ನೊಂದು 60 ಕಿ.ಮೀ. ನಿಮ್ಮೂರಿಗೆ ಬರಬೇಕು. ಬಂದು ಮುಟ್ಟಿದ ಮೇಲೂ ಯಾವ ಮೂಲೆಯ ಅಂಟು ಎಲ್ಲಿ ಸಡಿಲವಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಹೇಳೋದು, ಗಾಜನ್ನು ಶಿವಮೊಗ್ಗದಲ್ಲಿ ಕತ್ತರಿಸಿ, ಅಂಚು ಪಾಲಿಶ್ ಮಾಡಿಸಿ ತನ್ನಿ. ಅಂಟಿಸುವ ಕೆಲಸ ಮನೆಯಲ್ಲಿ ಮಾಡಿ. ಐದು ಬಿಡಿ ಗಾಜು ಜೀಪಿನಲ್ಲೂ ಬರುತ್ತದೆ. ಮಲಗಿಸಿ ತರಬೇಡಿ. ನಡುವೆ ರಟ್ಟು ಕೊಟ್ಟು, ಕಂಬಳಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ತನ್ನಿ. ಮಲಗಿಸಿದ ಗಾಜು ರಸ್ತೆಯ ಒಂದು ಉಬ್ಬಿಗೆ ಬಿರುಕು ಬಿಡುತ್ತದೆ.

ಮೊದಲ ಸಲಕ್ಕೆ ಮೂರಡಿ ಬೇಡ, ಎರಡಡಿ ಮಾಡಿ. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ನೋಡಲು ಹದವಾದ ಅಳತೆ, ಒಬ್ಬರೇ ನಿಭಾಯಿಸಬಹುದು. 8 ಮಿ.ಮೀ. ಗಾಜಿನಲ್ಲಿ ಇದಕ್ಕೆ ಬೇಕಾದದ್ದು: ತಳ 600 x 300 ಮಿ.ಮೀ. ಒಂದು, ಎದುರು ಮತ್ತು ಹಿಂದೆ 600 x 352ರ ಎರಡು, ಪಕ್ಕಕ್ಕೆ 282 x 352ರ ಎರಡು. ನಾಲ್ಕು ಗೋಡೆಯೂ ತಳದ ಮೇಲೆ ನಿಲ್ಲುತ್ತವೆ. ಪಕ್ಕದ್ದು 300 ಯಾಕಲ್ಲ ಅಂದರೆ, ಎದುರು ಮತ್ತು ಹಿಂದಿನ ಗಾಜಿನ ದಪ್ಪ 16 ಮಿ.ಮೀ. ಕಳೆಯಬೇಕು, ಆಮೇಲೆ ಎರಡೂ ಕಡೆ ಅಂಟಿಗೆ ಒಂದೊಂದು ಮಿ.ಮೀ. ಬಿಡಬೇಕು. ಈ ಎರಡು ಮಿ.ಮೀ. ಮರೆತೇ ಎಷ್ಟೋ ಜನ ಕೆಡಿಸಿಕೊಳ್ಳುತ್ತಾರೆ. ಅಳತೆಯನ್ನು ಮಿ.ಮೀ.ನಲ್ಲೇ ಚೀಟಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಅಂಗಡಿಯವರು ಇಂಚಿಗೆ ತಿರುಗಿಸಿಕೊಂಡು ಬಿಡುತ್ತಾರೆ.

ಅಂಗಡಿಯಲ್ಲಿ ಇನ್ನೂ ಕೆಲವು ಮಾತು ಗಟ್ಟಿಯಾಗಿ ಹೇಳಿ. ಐದೂ ಗಾಜು ಒಂದೇ ಹಾಳೆಯಿಂದ ಬರಲಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಮೂಲೆ ಸರಿಯಾಗಿ 90 ಡಿಗ್ರಿ ಇರಲಿ. ಕರ್ಣವನ್ನು ಎರಡೂ ಕಡೆಯಿಂದ ಅಳೆದರೆ ತಕ್ಷಣ ಗೊತ್ತಾಗುತ್ತದೆ. ಹಣ ಉಳಿಸಲು ಅಂತ ಹಳೇ ಟೀಪಾಯಿಯ ಗಾಜು ಕೊಟ್ಟು ಕತ್ತರಿಸಿ ಅನ್ನಬೇಡಿ. ಅದು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಾಗಿದ್ದರೆ ಕತ್ತರಿ ಹಾಕಿದ ತಕ್ಷಣ ಪುಡಿಪುಡಿ ಆಗುತ್ತದೆ. ನಮಗೆ ಬೇಕಾದದ್ದು ಹಾಗೆ ಗಟ್ಟಿ ಮಾಡದ ಸಾದಾ ಫ್ಲೋಟ್ ಗಾಜು.

ಎಕ್ಸ್‌ಟ್ರಾ ಕ್ಲಿಯರ್ ಗಾಜು ಬೇಕಾ ಅಂತಲೂ ಕೇಳುತ್ತಾರೆ. ಸಾದಾ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಂಚು ಹಸಿರಾಗಿ ಕಾಣುತ್ತದೆ. ಆ ಅಂಶ ಕಡಿಮೆ ಮಾಡಿದ್ದೇ ಎಕ್ಸ್‌ಟ್ರಾ ಕ್ಲಿಯರ್. ದುಬಾರಿ. ನನ್ನ ಪ್ರಕಾರ ಎರಡಡಿಗೆ ಅದು ಶೋಕಿ. ತೀರಾ ಆಸೆಯಾದರೆ ಎದುರಿನದ್ದೊಂದನ್ನು ಮಾತ್ರ ಹಾಕಿಸಿ. ಆ ದುಡ್ಡನ್ನು ಅಂಚಿನ ಪಾಲಿಶ್‌ಗೆ ಹಾಕುವುದು ಜಾಣತನ. ರಿಮ್‌ಲೆಸ್‌ನಲ್ಲಿ ಅಂಚೇ ಮುಖ. ಮೇಲಂಚು ಮೆಷಿನ್ ಪಾಲಿಶ್ ಆಗಿದ್ದರೆ ದಿನಾ ಕೈ ಹಾಕುವಾಗ ಕುಯ್ಯುವುದೂ ಇಲ್ಲ.

ಈಗ ಅಂಟು. ಇಲ್ಲಿ ನನ್ನ ಕತೆಯೊಂದನ್ನು ಹೇಳಲೇಬೇಕು. ಕೆಲವು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ, ಬೇರೆ ಕೆಲಸವಿಲ್ಲ ಅಂತ ಎರಡಡಿಯ ಟ್ಯಾಂಕ್ ಅಂಟಿಸಲು ಕೂತೆ. ಗಾಜು ಒರೆಸಿದ್ದೆ, ಟೇಪ್ ಹಾಕಿದ್ದೆ, ಎಲ್ಲ ಕ್ರಮವಾಗಿಯೇ ಮಾಡಿದ್ದೆ. ವಾರ ಬಿಟ್ಟು ನೀರು ತುಂಬಿದೆ. ಐದನೇ ರಾತ್ರಿ ಹಿಂದಿನ ಎಡಮೂಲೆ ಬಾಯಿ ಬಿಟ್ಟಿತು. ಐವತ್ತು ಲೀಟರ್ ನೀರು ಕೋಣೆ ದಾಟಿ, ಮೂಲೆಯಲ್ಲಿದ್ದ ರಾಶಿ ಇಡಿ ದರ್ಜೆಯ ಅಡಿಕೆ ಚೀಲದ ಬುಡಕ್ಕೆ ಹೋಗಿ ನಿಂತಿತು. ಮೀನು ಇನ್ನೂ ಬಿಟ್ಟಿರಲಿಲ್ಲ, ಅದೊಂದು ಪುಣ್ಯ. ಮನೆಯವರು ಅವತ್ತು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಕಿತ್ತು ನೋಡಿದರೆ ಸಿಲಿಕೋನ್ ಚೆನ್ನಾಗಿಯೇ ಗಟ್ಟಿಯಾಗಿತ್ತು. ಆದರೆ ಗಾಜನ್ನು ಹಿಡಿದೇ ಇರಲಿಲ್ಲ, ಹಾಳೆಯ ಹಾಗೆ ಸುಲಿದು ಬಂತು. ಮಳೆಗಾಲದ ಬೆಳಿಗ್ಗೆ ಕನ್ನಡಿ ಮೇಲೆ ಬೆರಳಾಡಿಸಿದರೆ ಗೆರೆ ಬೀಳುತ್ತದಲ್ಲ, ಆ ತೇವದ ಪದರ ಗಾಜಿನ ಮೇಲೆ ಇತ್ತು. ಒರೆಸಿದ ಮೇಲೂ ಮತ್ತೆ ಕೂತಿತ್ತು. ತಮಾಷೆ ಏನು ಗೊತ್ತಾ, ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವ ಕುಡಿದು. ಆ ಮಟ್ಟಿಗೆ ನಮ್ಮ ಮಲೆನಾಡಿನ ಗಾಳಿ ಅದಕ್ಕೆ ಒಳ್ಳೆಯದೇ. ತೇವ ಗಾಳಿಯಲ್ಲಿರಬೇಕು, ಗಾಜಿನ ಮೇಲೆ ಇರಬಾರದು. ಹಾಗಾಗಿ ಈ ಕೆಲಸವನ್ನು ಶಿವರಾತ್ರಿ, ಯುಗಾದಿ ಹೊತ್ತಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಗಾಜನ್ನು ಹಿಂದಿನ ದಿನವೇ ಒಳಗೆ ತಂದಿಟ್ಟು, ಅಂಟಿಸುವ ಮುಂಚೆ ಪ್ರತಿ ಅಂಚಿಗೂ ಹೇರ್ ಡ್ರೈಯರ್ ಹಿಡಿಯಿರಿ.

ಸಿಲಿಕೋನ್ ತರುವಾಗ ಟ್ಯೂಬಿನ ಮೇಲೆ ಅಕ್ವೇರಿಯಂಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಬಾತ್‌ರೂಮಿಗೆ ಅಂತ ಮಾರುವ, ಬೂಷ್ಟು ಹಿಡಿಯದಂತೆ ಔಷಧಿ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ತಯಾರಾದ ತಾರೀಕು ನೋಡಿ. ಅವಧಿ ಮುಗಿದದ್ದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯಬಹುದು. ಎರಡಡಿಗೆ ಒಂದು ದೊಡ್ಡ ಟ್ಯೂಬ್ ಧಾರಾಳ ಸಾಕು. ಬಣ್ಣವಿಲ್ಲದ್ದು ನೋಡಲು ಚಂದ. ಕಪ್ಪು ಹಾಕಿದರೆ ಕೈತಪ್ಪು ಕಾಣುವುದಿಲ್ಲ, ಆದರೆ ರಿಮ್‌ಲೆಸ್ ಮಾಡಿ ನಾಲ್ಕು ಮೂಲೆಗೂ ಕಪ್ಪು ಗೆರೆ ಎಳೆಯುವುದು ಯಾಕೆ?

ಅಂಟಿಸುವ ಮುಂಚೆ ಐದೂ ಗಾಜನ್ನು ಒಣಗಿಯೇ ಒಮ್ಮೆ ಜೋಡಿಸಿ ನೋಡಿ. ಯಾವುದು ಎಲ್ಲಿ ಅಂತ ಗುರುತು ಹಾಕಿ. ಅಂಟು ಬೀಳುವ ಜಾಗ ಬಿಟ್ಟು ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚುಗಳನ್ನು ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ನಮ್ಮ ಬೆರಳಲ್ಲಿ ಎಣ್ಣೆ ಇರುತ್ತದೆ. ಒಬ್ಬರು ಜೊತೆಗಿರಲಿ, ಯಾಕೆಂದರೆ ಹತ್ತು ನಿಮಿಷದಲ್ಲಿ ಸಿಲಿಕೋನ್ ಮೇಲೆ ಕೆನೆ ಕಟ್ಟುತ್ತದೆ. ಹಾಲಿನ ಕೆನೆಯ ಹಾಗೆಯೇ. ಆಮೇಲೆ ಗಾಜು ಅಲುಗಿಸಿದರೆ ಮುಗಿಯಿತು.

ಮೊದಲು ಹಿಂದಿನ ಗಾಜು, ಆಮೇಲೆ ಎರಡು ಪಕ್ಕ, ಕೊನೆಗೆ ಎದುರಿನದ್ದು. ಅಂಟನ್ನು ನಡುವೆ ಎಲ್ಲೂ ತುಂಡಾಗದಂತೆ ಎಳೆಯಿರಿ. ಗಾಜು ಕೂರಿಸಿ ಒತ್ತುವಾಗ ಅಂಟೆಲ್ಲ ಆಚೆ ಬರುವಷ್ಟು ಒತ್ತಬೇಡಿ. ಗಾಜಿಗೆ ಗಾಜು ತಾಗಬಾರದು, ನಡುವೆ ಒಂದು ಮಿ.ಮೀ. ಸಿಲಿಕೋನ್ ಇರಲೇಬೇಕು. ಅದು ರಬ್ಬರ್, ಎಳೆತ ತಡೆಯುವುದೇ ಅದು. ಒಂದು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಚೂರನ್ನು ಅಲ್ಲಲ್ಲಿ ಇಟ್ಟುಕೊಂಡು, ಅಂಟು ಬಿಗಿದ ಮೇಲೆ ತೆಗೆದು ಆ ಜಾಗ ತುಂಬಬಹುದು. ಒಳಮೂಲೆಗೆ ಬೆರಳಿನಿಂದ ಸಣ್ಣ ಪಟ್ಟಿ ಎಳೆಯಿರಿ. ಜಪಾನಿನ ಟ್ಯಾಂಕುಗಳಲ್ಲಿ ಈ ಪಟ್ಟಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ನಮಗೆ ಅಷ್ಟು ನಾಜೂಕು ಬೇಡ, 5 ಮಿ.ಮೀ. ಇರಲಿ. ಕೆನೆ ಕಟ್ಟುವ ಮುಂಚೆ ಟೇಪ್ ಕಿತ್ತುಬಿಡಿ. ಹೊರಗೆ ಉಬ್ಬಿದ್ದನ್ನು ಈಗ ಮುಟ್ಟಬೇಡಿ, ಗಟ್ಟಿಯಾದ ಮೇಲೆ ಬ್ಲೇಡಿನಲ್ಲಿ ಕತ್ತರಿಸಿದರೆ ಗೆರೆ ಎಳೆದ ಹಾಗೆ ಬರುತ್ತದೆ.

ಎರಡು ದಿನ ಅಲುಗಿಸಬೇಡಿ, ಒಂದು ವಾರ ನೀರು ಹಾಕಬೇಡಿ. ವಿನೆಗರ್ ಥರದ ವಾಸನೆ ಬರುತ್ತಿರುವವರೆಗೆ ಒಳಗೆ ಇನ್ನೂ ಹಸಿ ಇದೆ ಅಂತ ಅರ್ಥ. ಆಮೇಲೆ ಗಾಜಿನ ಮೂಲಕ ಜೋಡಣೆಯನ್ನು ನೋಡಿ. ಒಂದೇ ಸಮನಾಗಿ ಕಂಡರೆ ಒಳ್ಳೆಯದು. ಬೆಳ್ಳಿಯ ಹಾಗೆ ಹೊಳೆಯುವ ಮಚ್ಚೆ ಕಂಡರೆ ಅಲ್ಲಿ ಅಂಟು ಹಿಡಿದಿಲ್ಲ. ಒಂದೆರಡು ಸಣ್ಣ ಗುಳ್ಳೆಗೆ ಹೆದರಬೇಡಿ. ಮಚ್ಚೆ ಅಗಲಕ್ಕೆ ಅಡ್ಡವಾಗಿ ಒಳಗಿನಿಂದ ಹೊರಗಿನವರೆಗೆ ಹೋಗಿದ್ದರೆ ಬಿಚ್ಚಿ ಮತ್ತೆ ಮಾಡಬೇಕು. ಹಳೇ ಸಿಲಿಕೋನಿನ ಮೇಲೆ ಹೊಸದು ಅಂಟುವುದಿಲ್ಲ. ಅದಕ್ಕೇ ಮೇಲಿಂದ ಮೇಲೆ ಬಳಿದ ತೇಪೆ ನಿಲ್ಲೋದಿಲ್ಲ. ಪೂರ್ತಿ ಕೆರೆದು ತೆಗೆಯಲೇಬೇಕು.

ನೀರು ತುಂಬಿ ನೋಡುವುದು ಅಂಗಳದಲ್ಲಿ, ಜಗಲಿಯಲ್ಲಿ ಅಲ್ಲ. ಮೊದಲ ದಿನ ಅರ್ಧ, ಮರುದಿನ ಪೂರ್ತಿ, ಆಮೇಲೆ ಮೂರು ದಿನ ಹಾಗೇ ಬಿಡಿ. ಕೆಳಗೆ ಸುತ್ತ ಪೇಪರ್ ಹಾಸಿದರೆ ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ಮೇಲಂಚಿಗೆ ಉದ್ದನೆಯ ಸ್ಕೇಲ್ ಹಿಡಿದು ನೋಡಿ. ನಡುವೆ ಒಂದು ಮಿ.ಮೀ.ನಷ್ಟು ಬಾಗಿದ್ದರೆ ಪರವಾಗಿಲ್ಲ. ಮೂರು ಕಂಡರೆ ನೀರು ಇಳಿಸಿ.

ಇಷ್ಟೆಲ್ಲ ಮಾಡಿ ಜನ ಸೋಲುವುದು ಮೇಜಿನಲ್ಲಿ. ಈ ಟ್ಯಾಂಕ್ ನೀರು, ಮಣ್ಣು, ಕಲ್ಲು ಸೇರಿ 85 ಕೆಜಿ ಹತ್ತಿರ ಬರುತ್ತದೆ. ಗಾಜೇ 16 ಕೆಜಿ. ಹಳೇ ಮನೆಯ ನೆಲ ಎಲ್ಲೂ ಮಟ್ಟ ಇರುವುದಿಲ್ಲ. ಜಗಲಿಯಲ್ಲಂತೂ ತೊಳೆದ ನೀರು ಹರಿದು ಹೋಗಲಿ ಅಂತ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಗಾರೆ ಮೇಸ್ತ್ರಿಯ ಹತ್ತಿರ ರಸಮಟ್ಟ ಇಸಿದುಕೊಂಡು ಬನ್ನಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ, ಮೇಜಿನ ಕಾಲಿನ ಕೆಳಗೆ ಚಕ್ಕೆ ಕೊಡಿ. ಚಕ್ಕೆ ಕಾಲಿನ ಕೆಳಗೆ ಕೊಡಬೇಕು, ಗಾಜಿನ ಕೆಳಗಲ್ಲ. ಫ್ರೇಮಿದ್ದ ಟ್ಯಾಂಕಿನಲ್ಲಿ ನೀರು ಸ್ವಲ್ಪ ವಾಲಿದ್ದರೂ ಪಟ್ಟಿ ಮುಚ್ಚಿಕೊಳ್ಳುತ್ತಿತ್ತು. ಇಲ್ಲಿ ನೀರಿನ ಗೆರೆಯೇ ಚಾಡಿ ಹೇಳುತ್ತದೆ. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ.

ಮೇಜು ಹೊಸದಾಗಿ ಮಾಡಿಸುವುದಾದರೆ ಐಎಸ್ 710 ಅಂತ ಮುದ್ರೆ ಇರುವ, ನೀರು ತಡೆಯುವ 19 ಮಿ.ಮೀ. ಪ್ಲೈವುಡ್ ಹಾಕಿಸಿ. ಸಾದಾ ಪ್ಲೈ ನಮ್ಮ ಮಳೆಗಾಲಕ್ಕೇ ಉಬ್ಬುತ್ತದೆ, ಮೇಲೆ ನೀರು ಬೇರೆ ಚೆಲ್ಲಿದರೆ ಕೇಳಬೇಕಾ. ಹಲಸಿನ ಮರದ ಹಳೇ ಮೇಜು ಇದ್ದರೆ ಇನ್ನೂ ಒಳ್ಳೆಯದು. ಮೇಜಿಗೂ ಗಾಜಿಗೂ ನಡುವೆ 5 ಮಿ.ಮೀ. ದಪ್ಪದ ಫೋಮ್ ಹಾಳೆ ಹಾಸಲೇಬೇಕು. ಒಂದು ಮರಳಿನ ಕಾಳು ಸಿಕ್ಕಿದರೂ ತಳದ ಗಾಜು ಅಲ್ಲೇ ಬಿರಿಯುತ್ತದೆ. ಆದರೆ ನಿಮ್ಮ ಹಳೇ ಫ್ರೇಮ್ ಟ್ಯಾಂಕಿಗೆ ಫೋಮ್ ಹಾಸಬೇಡಿ. ಅದು ಅಂಚಿನ ಮೇಲೆ ನಿಲ್ಲುವಂಥದ್ದು, ಫೋಮ್ ಉಬ್ಬಿ ತಳವನ್ನು ಮೇಲಕ್ಕೆ ಒತ್ತುತ್ತದೆ.

ಲೈಟ್ ವಿಷಯದಲ್ಲಿ ಹಳೇ ಮನೆಯವರೇ ಅದೃಷ್ಟವಂತರು. ತೊಲೆಯಿಂದ ತಂತಿ ಇಳಿಬಿಟ್ಟು ಎಲ್‌ಇಡಿ ನೇತುಹಾಕಬಹುದು. ಗಾಜಿನ ಮೇಲೆ ಸ್ಟ್ಯಾಂಡ್ ಕೂರಿಸುವ ಗೋಜೇ ಇಲ್ಲ.

ಬಾಯಿ ತೆರೆದ ಟ್ಯಾಂಕಿನಲ್ಲಿ ಬೇಸಿಗೆಗೆ ವಾರಕ್ಕೆ ಒಂದೆರಡು ಬೆರಳು ನೀರು ಇಳಿಯುತ್ತದೆ. ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣದ ಅಂಶ ಉಳಿಯುತ್ತದೆ. ಬೋರ್‌ವೆಲ್‌ನ ಗಡಸು ನೀರನ್ನೇ ಮತ್ತೆ ಮತ್ತೆ ತುಂಬಿದರೆ ನೀರು ಇನ್ನೂ ಗಡಸಾಗುತ್ತಾ ಹೋಗುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ಇಳಿದಷ್ಟಕ್ಕೆ ಹಿಡಿದಿಟ್ಟ ಮಳೆ ನೀರು ಹಾಕಿ. ಆಗುಂಬೆ ಇರುವ ತಾಲೂಕಿನವರಿಗೆ ಮಳೆ ನೀರಿಗೆ ಬರವೇ? ಮೊದಲ ಮಳೆಯ ಹಂಚಿನ ಕೊಳೆ ಹೋಗಲಿ, ಆಮೇಲೆ ಹಿಡಿಯಿರಿ. ಆದರೆ ಇಡೀ ಟ್ಯಾಂಕನ್ನು ಬರೀ ಮಳೆ ನೀರಿನಲ್ಲಿ ತುಂಬಬೇಡಿ. ಅದರಲ್ಲಿ ಲವಣ ಇಲ್ಲ, ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಮಟ್ಟ, ಹಿಡಿತಕ್ಕೆ ಸಿಗುವುದಿಲ್ಲ. ಬಿಳಿ ಗೆರೆ ಈಗಾಗಲೇ ಕೂತಿದ್ದರೆ ನೀರಿನ ಮಟ್ಟ ಇಳಿಸಿ ನಿಂಬೆ ಹೋಳಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ರಸ ನೀರಿಗೆ ಇಳಿಯದಿರಲಿ.

ಮೀನು ಹಾರುವುದು ನಿಜ. ಕೊರವ, ಡ್ಯಾನಿಯೊ, ಹ್ಯಾಚೆಟ್ ಇವೆಲ್ಲ ಹಾರುವ ಜಾತಿ. ಕೋರಿಡೋರಸ್ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ನೀರನ್ನು ಅಂಚಿನಿಂದ ಮೂರು ನಾಲ್ಕು ಸೆಂ.ಮೀ. ಕೆಳಗಿಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ಒಳಗೆ ಬೀಳುವವರ ಲೆಕ್ಕವೂ ಇದೆ: ಹಲ್ಲಿ, ಜಿರಳೆ, ಮಳೆಗಾಲದ ದೀಪದ ಹುಳ. ದೀಪದ ಹುಳ ಬಿದ್ದರೆ ಮೀನಿಗೆ ಹಬ್ಬ, ಬಿಡಿ.

ಇನ್ನು ಬೆಕ್ಕು. ನಮ್ಮನೆಯ ಬೆಕ್ಕು ಮೊದಲ ವಾರ ಟ್ಯಾಂಕಿನ ಅಂಚಿನ ಮೇಲೆ ಮುಂಗಾಲಿಟ್ಟು ನೋಡಿತು, ಎರಡನೇ ವಾರ ಕೈ ಅದ್ದಿತು, ಮೂರನೇ ವಾರದಿಂದ ಅದರ ನೀರನ್ನೇ ಕುಡಿಯಲು ಶುರು ಮಾಡಿತು. ಮೀನು ಹಿಡಿಯಲು ಮಾತ್ರ ಆಗಲಿಲ್ಲ. ಆದರೂ ರಾತ್ರಿಗೆ ಒಂದು ಮುಚ್ಚಳ ಇಟ್ಟುಕೊಳ್ಳಿ. ಗಾಜು ಕತ್ತರಿಸುವಾಗಲೇ 5 ಮಿ.ಮೀ.ನ ಒಂದು ತುಂಡನ್ನು 570 x 270 ಅಳತೆಗೆ ಹೇಳಿ, ಒಂದು ಮೂಲೆ ಕತ್ತರಿಸಿಸಿ. ಊಟ ಹಾಕಲು, ಪೈಪ್ ಇಳಿಸಲು ಆ ಮೂಲೆ ಬೇಕು. ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ ನಾಲ್ಕು ಸಿಗುತ್ತವೆ, 8 ಮಿ.ಮೀ. ಗಾಜಿಗೆ ಆಗುವಂಥದ್ದೇ ಕೇಳಿ. ಅದರ ಮೇಲೆ ಮುಚ್ಚಳ ಕೂರಿಸಿ. ಬೆಕ್ಕು ಅದರ ಮೇಲೆ ಮಲಗಲು ನೋಡುತ್ತದೆ, ಲೈಟಿನ ಬಿಸಿ ಹಿತವಾಗಿರುತ್ತದಲ್ಲ. ಮಲಗಲು ಬಿಡಬೇಡಿ.